ಆಸ್ಪತ್ರೆ ಓಡಾಟಕ್ಕೆ ಕಾರು ಕೊಳ್ಳಲೇಬೇಕೇ? ಬಸ್ಸು, ರೈಲು, ಟ್ಯಾಕ್ಸಿಗೆ ಸರ್ಕಾರದ ನೆರವು ರೋಗಿಗೆ ಎಷ್ಟು ತಲುಪುತ್ತಿದೆ

ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾಯಿತು ಎಂದುಕೊಳ್ಳಿ. ಮೊದಲ ವಾರ ಟ್ಯಾಕ್ಸಿ, ಎರಡನೇ ವಾರ ಪಕ್ಕದ ಮನೆಯವರ ಕಾರು, ಮೂರನೇ ವಾರ ಆಟೊ. ನಾಲ್ಕನೇ ವಾರದ ಹೊತ್ತಿಗೆ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಸಾಲ ಮಾಡಿಯಾದರೂ ಸರಿ, ಒಂದು ಕಾರು ತೆಗೆದುಕೊಂಡುಬಿಡೋಣ."

ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಈ ಮಾತು ಇನ್ನೂ ಬೇಗ ಬರುತ್ತದೆ. ಕರೆದ ತಕ್ಷಣ ಬರುವ ಅಣ್ಣತಮ್ಮಂದಿರು, ಸೋದರಮಾವಂದಿರು ಹತ್ತಿರದಲ್ಲಿ ಇರುವುದಿಲ್ಲ. ಆಸ್ಪತ್ರೆಗೆ ಹೋಗಿಬರುವ ಹೊಣೆಯೆಲ್ಲ ದುಡಿಯುವ ಒಬ್ಬರ ಹೆಗಲಿಗೆ ಬೀಳುತ್ತದೆ.

ಇದೇ ಹೊತ್ತಿನಲ್ಲಿ ಸರ್ಕಾರಗಳು ಎರಡು ಬಗೆಯ ಸುದ್ದಿ ಕೊಡುತ್ತಿವೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದರ ಮೇಲಿದ್ದ ಸೆಸ್ ಕೂಡ ಹೋಗಿದೆ. ಇನ್ನೊಂದು ಕಡೆ ಎಲೆಕ್ಟ್ರಿಕ್ ಬಸ್ಸುಗಳಿಗೆ ಸಾವಿರಾರು ಕೋಟಿ ರೂಪಾಯಿ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ, ಆ್ಯಪ್ ಟ್ಯಾಕ್ಸಿಗಳಿಗೆ ಹೊಸ ನಿಯಮ. ಸ್ವಂತ ಕಾರಿಲ್ಲದೆಯೂ ಬದುಕು ನಡೆಯಬೇಕು ಎಂಬುದು ಈ ಎರಡನೇ ಗುಂಪಿನ ಯೋಜನೆಗಳ ಉದ್ದೇಶ. ಅವು ರೋಗಿಯ ಮನೆಬಾಗಿಲಿಗೆ ಎಷ್ಟು ತಲುಪುತ್ತವೆ? ಕಾರಿನ ಸಾಲಕ್ಕೆ ಸಹಿ ಹಾಕುವ ಮೊದಲು ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಲೆಕ್ಕ ಹಾಕೋಣ

ವಾರಕ್ಕೆ ಮೂರು ಡಯಾಲಿಸಿಸ್ ಎಂದರೆ ವರ್ಷಕ್ಕೆ 156 ಬಾರಿ. ಹೋಗುವುದು, ಬರುವುದು ಸೇರಿ 312 ಪ್ರಯಾಣ. ವಾರಕ್ಕೆ ಎರಡೇ ಆದರೂ 208. ಕ್ಯಾನ್ಸರ್‌ಗೆ ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಐದಾರು ವಾರ, ಅಂದರೆ ಐವತ್ತು ಅರವತ್ತು ಪ್ರಯಾಣ. ಕೀಮೊ ಕೆಲವು ವಾರಗಳಿಗೊಮ್ಮೆ ಇರುತ್ತದೆ, ನಡುವೆ ರಕ್ತಪರೀಕ್ಷೆಯ ಓಡಾಟ ಬೇರೆ.

ಒಂದು ಉದಾಹರಣೆ ನೋಡೋಣ. ನಿಮ್ಮ ಮನೆಯಿಂದ ಡಯಾಲಿಸಿಸ್ ಕೇಂದ್ರಕ್ಕೆ ಟ್ಯಾಕ್ಸಿಗೆ 250 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 13 ಬಾರಿ, ಹೋಗಿಬರಲು ಒಟ್ಟು 6,500 ರೂಪಾಯಿ. ಹೋಗುವಾಗ ಬಸ್ಸು, ಬರುವಾಗ ಮಾತ್ರ ಟ್ಯಾಕ್ಸಿ ಎಂದು ಮಾಡಿಕೊಂಡು, ಇಬ್ಬರಿಗೆ ತಲಾ 20 ರೂಪಾಯಿ ಬಸ್ ಟಿಕೆಟ್ ಹಿಡಿದರೆ ಸುಮಾರು 3,800 ರೂಪಾಯಿ. ಇದೇ ಓಡಾಟಕ್ಕೆಂದು 6 ಲಕ್ಷ ರೂಪಾಯಿ ಸಾಲ ಮಾಡಿ ಕಾರು ತಂದರೆ, ಶೇ 9.5 ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತೇ ಸುಮಾರು 12,600 ರೂಪಾಯಿ. ಪೆಟ್ರೋಲ್, ವಿಮೆ, ಸರ್ವಿಸ್, ಪಾರ್ಕಿಂಗ್ ಇದರ ಮೇಲೆ. ನಿಮ್ಮ ದೂರ, ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕವನ್ನು ನೀವೇ ಒಂದು ಕಾಗದದ ಮೇಲೆ ಮಾಡಿನೋಡಿ.

ಹಣಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಕಾರನ್ನು ಓಡಿಸುವವರು ಯಾರು? ಡಯಾಲಿಸಿಸ್ ಮುಗಿದ ಮೇಲೆ ಹಲವರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ತುಂಬಾ ಸುಸ್ತಾಗುತ್ತದೆ. ಕೀಮೊ ದಿನ ವಾಂತಿ, ಮಂಪರು ಇರಬಹುದು. ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಅರಿವಳಿಕೆ ಪಡೆದವರು ಆ ದಿನ ಸ್ಟೀರಿಂಗ್ ಹಿಡಿಯಬಾರದು. ಮೂರ್ಛೆರೋಗ ಇರುವವರಿಗೆ ಚಾಲನಾ ಪರವಾನಗಿ ಪಡೆಯುವುದೇ ಕಾನೂನಿನಲ್ಲಿ ಕಷ್ಟ. ಹಾಗಾಗಿ ರೋಗಿ ತಾನೇ ಕಾರು ಓಡಿಸಿಕೊಂಡು ಹೋಗಿಬರುವುದು ಬಹುತೇಕ ಆಗದ ಮಾತು. ಕಾರು ಬಂದರೂ ಮಗನೋ ಮಗಳೋ ಸೊಸೆಯೋ ಅರ್ಧ ದಿನ ರಜೆ ಹಾಕಲೇಬೇಕು. ಕಂತು ಕಟ್ಟಲು ದುಡಿಯಬೇಕಾದವರೇ ಕೆಲಸ ಬಿಟ್ಟು ಚಾಲಕರಾಗುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಕಾರು ಇರುವುದು ಸುಮಾರು ಎಂಟರಲ್ಲಿ ಮಾತ್ರ. ಅಂದರೆ ಈ ದೇಶದ ರೋಗಿಗಳಲ್ಲಿ ಹೆಚ್ಚಿನವರು ಈಗಲೂ ಬಸ್ಸು, ಲೋಕಲ್, ಆಟೊ, ಶೇರ್ ಟ್ಯಾಕ್ಸಿಯಲ್ಲೇ ಚಿಕಿತ್ಸೆಗೆ ಹೋಗಿಬರುತ್ತಿದ್ದಾರೆ. ಕಾರು ಅಗ್ಗವಾದರೆ ಇವರಲ್ಲಿ ಕೆಲವರಿಗೆ ಅನುಕೂಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದು, ಹತ್ತಲು ಸುಲಭವಾಗಿದ್ದರೆ ಬಹುಪಾಲು ಜನರಿಗೆ ಅನುಕೂಲ.

ಸರ್ಕಾರ ಎಲ್ಲಿ ಹಣ ಹಾಕುತ್ತಿದೆ?

ಹಂಚಿಕೊಂಡು ಬಳಸುವ ಸಾರಿಗೆಗೆ ಸರ್ಕಾರದ ನೆರವು ಮುಖ್ಯವಾಗಿ ಮೂರು ದಾರಿಯಲ್ಲಿ ಬರುತ್ತಿದೆ. ವಾಹನ ಕೊಳ್ಳಲು ನೆರವು, ಟಿಕೆಟ್ ಮೇಲೆ ರಿಯಾಯಿತಿ, ಟ್ಯಾಕ್ಸಿಗಳಿಗೆ ನಿಯಮ. ಒಂದೊಂದನ್ನೂ ರೋಗಿಯ ಕಣ್ಣಿನಿಂದ ನೋಡೋಣ.

1. ಬಸ್ಸುಗಳಿಗೆ ಹಣ

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ 10,000 ಎಲೆಕ್ಟ್ರಿಕ್ ಬಸ್ಸುಗಳ ಗುರಿ ಇದೆ. ಕೇಂದ್ರದ ಪಾಲು 20,000 ಕೋಟಿ ರೂಪಾಯಿ. ಸರಿಯಾದ ಬಸ್ ವ್ಯವಸ್ಥೆಯೇ ಇಲ್ಲದ ನಗರಗಳಿಗೆ ಇದರಲ್ಲಿ ಆದ್ಯತೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಪಿಎಂ ಇ-ಡ್ರೈವ್ ಯೋಜನೆ ದೊಡ್ಡ ನಗರಗಳದ್ದು. ಒಟ್ಟು 10,900 ಕೋಟಿ ರೂಪಾಯಿಯಲ್ಲಿ 4,391 ಕೋಟಿ ರೂಪಾಯಿ 14,028 ಎಲೆಕ್ಟ್ರಿಕ್ ಬಸ್ಸುಗಳಿಗೆ. ಜನಸಂಖ್ಯೆ 40 ಲಕ್ಷ ಮೀರಿದ ಒಂಬತ್ತು ನಗರಗಳು ಇದರ ವ್ಯಾಪ್ತಿಗೆ ಬರುತ್ತವೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು ಎಲ್ಲವೂ ಇದರಲ್ಲಿವೆ. ಇದೇ ಯೋಜನೆಯಲ್ಲಿ ಎಲೆಕ್ಟ್ರಿಕ್ ಆಂಬ್ಯುಲೆನ್ಸ್‌ಗಳಿಗೆಂದು 500 ಕೋಟಿ ರೂಪಾಯಿ ಬೇರೆ ಇಟ್ಟಿದ್ದಾರೆ. 2025ರ ಹಂಚಿಕೆಯಲ್ಲಿ ಬೆಂಗಳೂರಿಗೆ 4,500, ದೆಹಲಿಗೆ 2,800, ಹೈದರಾಬಾದಿಗೆ 2,000 ಬಸ್ಸುಗಳು ನಿಗದಿಯಾದವು.

ಘೋಷಣೆಯಾದ ಬಸ್ಸೆಲ್ಲ ನಾಳೆಯೇ ನಿಮ್ಮ ನಿಲ್ದಾಣಕ್ಕೆ ಬರುವುದಿಲ್ಲ. ಟೆಂಡರ್, ಡಿಪೋ, ಚಾರ್ಜಿಂಗ್ ಎಂದು ತಿಂಗಳು ವರ್ಷಗಳೇ ಹಿಡಿಯುತ್ತವೆ. ಆದರೂ ರೋಗಿಗೆ ಇದರಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಹೊಸ ನಗರ ಬಸ್ಸುಗಳಲ್ಲಿ ಹಲವು ನೆಲಕ್ಕೆ ಹತ್ತಿರ ಇರುವ ಲೋ-ಫ್ಲೋರ್ ಬಸ್ಸುಗಳು. ಮೊಣಕಾಲು ನೋವಿರುವವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ಗಾಲಿಕುರ್ಚಿ ಬಳಸುವವರು ಎತ್ತರದ ಮೂರು ಮೆಟ್ಟಿಲಿನ ಹಳೆಯ ಬಸ್ಸನ್ನು ಹತ್ತುವುದಾದರೂ ಹೇಗೆ? ಚೆನ್ನೈಯಲ್ಲಿ ಇಂಥ ಬಸ್ಸುಗಳಿಗಾಗಿ ಅಂಗವಿಕಲರ ಹಕ್ಕುಗಳ ಹೋರಾಟಗಾರರು ಹೈಕೋರ್ಟಿನವರೆಗೂ ಹೋಗಬೇಕಾಯಿತು. ಆ ಬಳಿಕ ಅಲ್ಲಿ ಹೊಸ ಲೋ-ಫ್ಲೋರ್ ಬಸ್ಸುಗಳು ಬರತೊಡಗಿವೆ. ದೆಹಲಿಯಲ್ಲಿ 2025ರಿಂದ ದೇವಿ ಹೆಸರಿನ 9 ಮೀಟರ್ ಉದ್ದದ ಸಣ್ಣ ಎಲೆಕ್ಟ್ರಿಕ್ ಬಸ್ಸುಗಳು ಬಡಾವಣೆಗಳ ಒಳಗೆ ಓಡುತ್ತಿವೆ. ಮುಖ್ಯರಸ್ತೆಯವರೆಗೆ ನಡೆಯಲಾಗದವರಿಗೆ ದೊಡ್ಡ ಬಸ್ಸಿಗಿಂತ ಇವೇ ಹೆಚ್ಚು ಉಪಯೋಗ.

2. ಟಿಕೆಟ್ ಮೇಲೆ ರಿಯಾಯಿತಿ

ಇಲ್ಲಿ ರಾಜ್ಯಕ್ಕೊಂದು ನಿಯಮ. ಹೊರರಾಜ್ಯದಲ್ಲಿರುವ ಕನ್ನಡಿಗರು ಹೆಚ್ಚು ಎಡವುವುದೂ ಇಲ್ಲೇ.

ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಇದು ಕರ್ನಾಟಕದ ನಿವಾಸಿ ಮಹಿಳೆಯರಿಗೆ, ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ. ಅಂತರರಾಜ್ಯ ಬಸ್ಸಿಗೆ, ಎಸಿ ಬಸ್ಸಿಗೆ ಅನ್ವಯಿಸುವುದಿಲ್ಲ. ನಿಮ್ಮ ಆಧಾರ್ ವಿಳಾಸ ಈಗ ಪುಣೆಯದ್ದಾದರೆ, ತವರೂರಿಗೆ ಹೋದಾಗ ನೀವು ಟಿಕೆಟ್ ಕೊಳ್ಳಬೇಕು.

ತೆಲಂಗಾಣದ ಮಹಾಲಕ್ಷ್ಮಿ ಯೋಜನೆ 2023ರ ಡಿಸೆಂಬರ್ 9ರಿಂದ ಇದೆ. ತೆಲಂಗಾಣದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್ ಸಿಗುತ್ತದೆ. ಚಿಕಿತ್ಸೆಗೆಂದು ಕಲಬುರಗಿಯಿಂದ ಹೈದರಾಬಾದಿನ ಮಗಳ ಮನೆಗೆ ಬಂದ ತಾಯಿಗೆ ಕರ್ನಾಟಕದ ಆಧಾರ್ ಇದ್ದರೆ ಇದು ಸಿಗದು. ಜೊತೆಗೆ ಹೋಗುವ ಮಗಳಿಗೆ ಸಿಗುತ್ತದೆ.

ತಮಿಳುನಾಡಿನಲ್ಲಿ 2021ರ ಮೇ ತಿಂಗಳಿನಿಂದ ಸಾಮಾನ್ಯ ದರದ ನಗರ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಲಿಂಗತ್ವ ಅಲ್ಪಸಂಖ್ಯಾತರು, ಅಂಗವಿಕಲರು ಮತ್ತು ಅಂಗವಿಕಲರ ಜೊತೆಗಿನ ಸಹಾಯಕರಿಗೂ ಇದನ್ನು ವಿಸ್ತರಿಸಿದ್ದಾರೆ. ಸಹಾಯಕರನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದು ಇಲ್ಲಿ ಗಮನಿಸಬೇಕಾದ ಅಂಶ.

ದೆಹಲಿಯಲ್ಲಿ 2019ರ ಅಕ್ಟೋಬರ್‌ನಿಂದ ಮಹಿಳೆಯರಿಗೆ ಗುಲಾಬಿ ಟಿಕೆಟ್ ಇತ್ತು. ಅದು ಎಸಿ ಬಸ್ಸಿಗೂ ಅನ್ವಯಿಸುತ್ತಿತ್ತು. ಇದನ್ನು ದೆಹಲಿ ನಿವಾಸಿಗಳಿಗೆ ಮಾತ್ರ ಸ್ಮಾರ್ಟ್ ಕಾರ್ಡ್ ಆಗಿ ಬದಲಿಸುವ ನಿರ್ಧಾರ 2025ರಲ್ಲಿ ಪ್ರಕಟವಾಯಿತು. ಅಲ್ಲಿ ಇರುವವರು ದೆಹಲಿ ವಿಳಾಸದ ಆಧಾರ್ ಸಿದ್ಧ ಇಟ್ಟುಕೊಳ್ಳುವುದು ಒಳ್ಳೆಯದು.

ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ 75 ವರ್ಷ ದಾಟಿದವರಿಗೆ 2022ರ ಆಗಸ್ಟ್‌ನಿಂದ ಪೂರ್ತಿ ಉಚಿತ, 65ರಿಂದ 75 ವರ್ಷದವರಿಗೆ ಅರ್ಧ ದರ. ಮಹಿಳೆಯರಿಗೆ 2023ರ ಮಾರ್ಚ್‌ನಿಂದ ಅರ್ಧ ದರ. ಡಯಾಲಿಸಿಸ್, ಸಿಕಲ್ ಸೆಲ್, ಹಿಮೋಫಿಲಿಯಾದಂಥ ಕಾಯಿಲೆ ಇರುವವರಿಗೂ ಎಸ್‌ಟಿಯಲ್ಲಿ ರಿಯಾಯಿತಿ ಇದೆ. ಆದರೆ ಇವೆಲ್ಲ ಮುಖ್ಯವಾಗಿ ಊರಿಂದೂರಿಗೆ ಹೋಗುವ ಬಸ್ಸಿನ ಮಾತು. ನಗರದೊಳಗೆ ದಿನನಿತ್ಯ ಬಳಸುವ ಬಸ್ಸಿನ ದರ ಏರಿದೆ. ಮುಂಬೈಯ ಬೆಸ್ಟ್ ಬಸ್ಸಿನ ಕನಿಷ್ಠ ದರ 2025ರ ಮೇ ತಿಂಗಳಲ್ಲಿ 5ರಿಂದ 10 ರೂಪಾಯಿಗೆ, ಎಸಿ ಬಸ್ಸಿನದು 6ರಿಂದ 12 ರೂಪಾಯಿಗೆ ಏರಿತು. ಪುಣೆಯ ಪಿಎಂಪಿಎಂಎಲ್ ಕೂಡ ಅದೇ ವರ್ಷ ಕನಿಷ್ಠ ದರವನ್ನು 5ರಿಂದ 10 ರೂಪಾಯಿಗೆ ಏರಿಸಿತು.

ಈ ಯೋಜನೆಗಳಿಂದ ಆಗಿರುವ ಲಾಭವನ್ನು ಕಡಿಮೆ ಮಾಡಿ ಹೇಳಬೇಕಿಲ್ಲ. ಗಂಡನನ್ನು ಹಣ ಕೇಳದೆ ತಾನೇ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರಬಲ್ಲೆ ಎಂಬುದು ಒಬ್ಬ ಮಹಿಳೆಗೆ ಸಣ್ಣ ವಿಷಯವಲ್ಲ. ಆದರೆ ಇವುಗಳನ್ನು ರೂಪಿಸುವಾಗ ಕಾಯಿಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅರವತ್ತರ ಗಂಡನಿಗೆ ಡಯಾಲಿಸಿಸ್, ಜೊತೆಗೆ ಹೆಂಡತಿ ಹೋಗುತ್ತಾರೆ ಎಂದರೆ ಹೆಂಡತಿಗೆ ಟಿಕೆಟ್ ಇಲ್ಲ, ರೋಗಿಗೆ ಇದೆ. ಬೆಂಗಳೂರಿನಲ್ಲಿ ಉಚಿತವಾಗಿರುವುದು ಸಾಮಾನ್ಯ ಬಸ್ಸು, ಎಸಿ ಲೋ-ಫ್ಲೋರ್ ಬಸ್ಸಿಗೆ ದುಡ್ಡು ಕೊಡಬೇಕು. ಟಿಕೆಟ್ ಉಚಿತವಾದಾಗ ಪ್ರಯಾಣಿಕರು ಹೆಚ್ಚುತ್ತಾರೆ. ಅದಕ್ಕೆ ತಕ್ಕಷ್ಟು ಬಸ್ಸು ಹೆಚ್ಚದಿದ್ದರೆ ನಿಂತು ಪ್ರಯಾಣ ಮಾಡಲಾಗದವರೇ ಮೊದಲು ಹೊರಗುಳಿಯುತ್ತಾರೆ.

3. ಆ್ಯಪ್ ಟ್ಯಾಕ್ಸಿಗೆ ನಿಯಮ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ನವೆಂಬರ್‌ನಲ್ಲಿ ಆ್ಯಪ್ ಟ್ಯಾಕ್ಸಿ ಕಂಪನಿಗಳಿಗೆ ಮಾರ್ಗಸೂಚಿ ತಂದಿತು, 2025ರ ಜುಲೈನಲ್ಲಿ ಅದನ್ನು ಪರಿಷ್ಕರಿಸಿತು. ಮೂಲ ದರವನ್ನು ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಕಂಪನಿ ಅದರ ಎರಡರಷ್ಟರವರೆಗೆ ಕೇಳಬಹುದು. ಮೊದಲು ಈ ಮಿತಿ ಒಂದೂವರೆಯಷ್ಟಿತ್ತು. ಒಪ್ಪಿಕೊಂಡ ಪ್ರಯಾಣವನ್ನು ಚಾಲಕ ಸರಿಯಾದ ಕಾರಣವಿಲ್ಲದೆ ರದ್ದು ಮಾಡಿದರೆ ದರದ ಶೇ 10ರಷ್ಟು, ಹೆಚ್ಚೆಂದರೆ 100 ರೂಪಾಯಿ ದಂಡ. ಪ್ರಯಾಣಿಕರಿಗೂ ಇದೇ ನಿಯಮ. ಮಾರ್ಗಸೂಚಿಯನ್ನು ಜಾರಿಗೆ ತರುವುದು ಆಯಾ ರಾಜ್ಯದ ಕೆಲಸ.

ದರದ ಮಿತಿ ದುಪ್ಪಟ್ಟಾದರೆ ಆಫೀಸಿಗೆ ಹೋಗುವವರು ಅರ್ಧ ಗಂಟೆ ಕಾದು ಹೊರಡಬಹುದು. ಬೆಳಿಗ್ಗೆ ಏಳರ ಡಯಾಲಿಸಿಸ್ ಪಾಳಿ ಇರುವವರು ಕಾಯಲಾಗದು. ತಡವಾದರೆ ಯಂತ್ರದ ಮೇಲಿನ ಸಮಯ ಕಡಿಮೆಯಾಗುತ್ತದೆ, ಇಲ್ಲವೇ ಹಿಂದಿನವರ ಪಾಳಿ ಮುಂದೆ ಹೋಗುತ್ತದೆ. ರೋಗಿಗೆ ಅಗ್ಗದ ಟ್ಯಾಕ್ಸಿಗಿಂತ ಹೇಳಿದ ಹೊತ್ತಿಗೆ ಬರುವ ಟ್ಯಾಕ್ಸಿ ಮುಖ್ಯ. ಈ ಭರವಸೆಯನ್ನು ಯಾವ ನಿಯಮವೂ ಇನ್ನೂ ಕೊಟ್ಟಿಲ್ಲ.

ಪಕ್ಕದವರ ಕಾರಿನಲ್ಲಿ ಹಂಚಿಕೊಂಡು ಹೋಗುವ ಬಗ್ಗೆ ಒಂದು ಎಚ್ಚರಿಕೆ. ಸ್ನೇಹಕ್ಕೆ ಕರೆದುಕೊಂಡು ಹೋಗುವುದರಲ್ಲಿ ತೊಂದರೆ ಇಲ್ಲ. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆ ಪಡೆದು ಓಡಿಸಿದರೆ ಪರ್ಮಿಟ್ ಉಲ್ಲಂಘನೆಯಾಗುತ್ತದೆ, ಅಪಘಾತವಾದರೆ ವಿಮೆ ಪರಿಹಾರಕ್ಕೂ ತೊಡಕಾಗಬಹುದು.

ಎಲ್ಲಿ ಕೊಂಡಿ ತಪ್ಪಿದೆ?

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತವಾಗಿ ಸಿಗುತ್ತಿದೆ. ಯಂತ್ರ ಉಚಿತ, ಅಲ್ಲಿಗೆ ತಲುಪುವ ದಾರಿಖರ್ಚು ಮನೆಯವರದು. ದುಡ್ಡು ಸಾಲದಾದಾಗ ಮನೆಯವರು ಮೊದಲು ಕೈಬಿಡುವುದು ಮೂರನೇ ಡಯಾಲಿಸಿಸ್ ಅನ್ನು. ಒಂದು ಬಾರಿ ತಪ್ಪಿದರೂ ದೇಹದಲ್ಲಿ ನೀರು ಮತ್ತು ಪೊಟ್ಯಾಸಿಯಂ ಏರಿ ಉಸಿರಾಟಕ್ಕೆ, ಹೃದಯಕ್ಕೆ ಅಪಾಯ. ಹಾಗೆ ತುರ್ತು ವಿಭಾಗಕ್ಕೆ ಹೋಗಬೇಕಾಗಿ ಬಂದರೆ ಆಗುವ ಖರ್ಚು, ತಪ್ಪಿದ ಪ್ರಯಾಣದ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು.

ಇದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. 2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಆಸ್ಪತ್ರೆಗೆ ದಾಖಲಾದಾಗಲೆಲ್ಲ 100 ರೂಪಾಯಿ, ವರ್ಷಕ್ಕೆ 1,000 ರೂಪಾಯಿ ಮಿತಿಯಲ್ಲಿ ಪ್ರಯಾಣ ಭತ್ಯೆ ಇತ್ತು. ಅದರ ಜಾಗಕ್ಕೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಪಿಎಂ-ಜೆಎವೈ ಚಿಕಿತ್ಸೆಯ ಮಿತಿಯನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಅಂಥ ಪ್ರಯಾಣ ಭತ್ಯೆ ಅದರಲ್ಲಿಲ್ಲ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಿಸ್‌ಚಾರ್ಜ್ ಆದ ರೋಗಿ ಮನೆಗೆ ಮರಳಲು ಒಂದು ಬಾರಿಯ ಎಸ್‌ಟಿ ಬಸ್ ಅಥವಾ ಎರಡನೇ ದರ್ಜೆ ರೈಲಿನ ದರ ಸೇರಿದೆ. ಗರ್ಭಿಣಿಯರು ಮತ್ತು ನವಜಾತ ಶಿಶುಗಳಿಗೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಮನೆಗೆ ಉಚಿತ ವಾಹನ ಇದೆ. ಅಂದರೆ ದಾರಿಯೂ ಚಿಕಿತ್ಸೆಯ ಒಂದು ಭಾಗ ಎಂದು ಸರ್ಕಾರವೇ ಕೆಲವು ಕಡೆ ಒಪ್ಪಿಕೊಂಡಿದೆ. ಆ ಒಪ್ಪಿಗೆ ಹೆರಿಗೆಯಿಂದ ಡಯಾಲಿಸಿಸ್‌ಗೆ, ರೇಡಿಯೇಷನ್‌ಗೆ ಇನ್ನೂ ಬಂದಿಲ್ಲ.

108 ಆಂಬ್ಯುಲೆನ್ಸ್ ತುರ್ತು ಸಂದರ್ಭಕ್ಕೆ ಮಾತ್ರ. ವಾರಕ್ಕೆ ಮೂರು ಬಾರಿ ಹೋಗಿಬರುವುದು ತುರ್ತಲ್ಲ, ಆದರೆ ತಪ್ಪಿಸುವಂಥದ್ದೂ ಅಲ್ಲ. ಆಂಬ್ಯುಲೆನ್ಸ್ ಮತ್ತು ಬಸ್ಸಿನ ನಡುವಿನ ಈ ಖಾಲಿ ಜಾಗವೇ ಜನರನ್ನು ಕಾರಿನ ಸಾಲಕ್ಕೆ ದೂಡುತ್ತಿದೆ. ಅಮೆರಿಕದಲ್ಲಿ ಕಡಿಮೆ ಆದಾಯದವರ ಮೆಡಿಕೇಡ್ ವಿಮೆ ತುರ್ತಲ್ಲದ ಚಿಕಿತ್ಸೆಯ ಪ್ರಯಾಣವನ್ನೂ ಒಳಗೊಂಡಿದೆ. ಇಂಗ್ಲೆಂಡಿನಲ್ಲಿ ಕಡಿಮೆ ಆದಾಯದ ರೋಗಿಗಳಿಗೆ ಆಸ್ಪತ್ರೆಗೆ ಹೋಗಿಬಂದ ಖರ್ಚನ್ನು ಹಿಂದಿರುಗಿಸುವ ಯೋಜನೆ ಇದೆ. ನಮ್ಮಲ್ಲಿ ಸಾರಿಗೆ ಇಲಾಖೆ ಬಸ್ಸನ್ನು ನೋಡುತ್ತದೆ, ಆರೋಗ್ಯ ಇಲಾಖೆ ಹಾಸಿಗೆಯನ್ನು ನೋಡುತ್ತದೆ. ಮನೆಯಿಂದ ಹಾಸಿಗೆಯವರೆಗಿನ ದಾರಿಯನ್ನು ನೋಡುವವರಿಲ್ಲ.

ಹೊಸದಾಗಿ ಏನೇನೋ ಕಟ್ಟಬೇಕೆಂದೂ ಇಲ್ಲ. ದೊಡ್ಡ ಆಸ್ಪತ್ರೆಗಳ ಬಾಗಿಲಿಗೆ ಬರುವ ಸಣ್ಣ ಬಸ್ಸು, ಡಯಾಲಿಸಿಸ್ ಪಾಳಿಗೆ ಹೊಂದುವ ಬಸ್ ವೇಳೆ, ರೋಗಿ ಮತ್ತು ಜೊತೆಗೆ ಬರುವ ಒಬ್ಬರಿಗೆ ಚಿಕಿತ್ಸೆ ಮುಗಿಯುವವರೆಗೆ ಪಾಸ್, ಒಂದೇ ಬಡಾವಣೆಯ ನಾಲ್ಕು ರೋಗಿಗಳಿಗೆ ಒಂದು ವ್ಯಾನ್. ಬಸ್ಸಿಗೆಂದು ಈಗಾಗಲೇ ಇಟ್ಟಿರುವ ಹಣದಲ್ಲೇ ಇವುಗಳಲ್ಲಿ ಹಲವನ್ನು ಮಾಡಬಹುದು. ಬಸ್ಸುಗಳ ಎಣಿಕೆಯ ಜೊತೆಗೆ, ಆಸ್ಪತ್ರೆಗೆ ಎಷ್ಟು ಜನ ಹೊತ್ತಿಗೆ ಸರಿಯಾಗಿ ತಲುಪಿದರು ಎಂಬುದನ್ನೂ ಎಣಿಸಬೇಕು.

ನೀವು ಈಗಲೇ ಕೇಳಿ ಪಡೆಯಬಹುದಾದದ್ದು

ರೈಲಿನ ರಿಯಾಯಿತಿ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಿತು. ಅದರ ಜೊತೆ ರೋಗಿಗಳದ್ದೂ ನಿಂತಿದೆ ಎಂದು ಹಲವರು ತಿಳಿದಿದ್ದಾರೆ. ನಿಂತಿಲ್ಲ. ಚಿಕಿತ್ಸೆ ಅಥವಾ ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರು ಹಂತದ ಎಸಿ ಬೋಗಿಯಲ್ಲಿ ಮೂಲ ದರ ಪೂರ್ತಿ ಮನ್ನಾ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಕಿಡ್ನಿ ಕಸಿ ಅಥವಾ ಡಯಾಲಿಸಿಸ್, ಹೃದಯ ಶಸ್ತ್ರಚಿಕಿತ್ಸೆ, ಥಲಸ್ಸೀಮಿಯಾ, ಹಿಮೋಫಿಲಿಯಾ ರೋಗಿಗಳಿಗೂ ಜೊತೆಗಿರುವ ಒಬ್ಬರಿಗೂ ಇದೇ ದರ್ಜೆಗಳಲ್ಲಿ ಶೇ 75. ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯಿಂದ ಸಹಿ ಮತ್ತು ಮುದ್ರೆ ಹಾಕಿಸಿಕೊಂಡು ರಿಸರ್ವೇಷನ್ ಕೌಂಟರ್‌ನಲ್ಲಿ ಟಿಕೆಟ್ ತೆಗೆಸಿ. ಹುಬ್ಬಳ್ಳಿಯಿಂದ ಮುಂಬೈಗೆ, ರಾಯಚೂರಿನಿಂದ ಹೈದರಾಬಾದಿಗೆ ಚಿಕಿತ್ಸೆಗೆ ಬರುವ ಬಂಧುಗಳಿಗೆ ಇದನ್ನು ತಪ್ಪದೆ ತಿಳಿಸಿ.

ಮುಂಬೈ ಲೋಕಲ್. ದಿವ್ಯಾಂಗರಿಗೆ ಮೀಸಲಾದ ಬೋಗಿಯಲ್ಲಿ ಕ್ಯಾನ್ಸರ್ ರೋಗಿಗಳು ಮತ್ತು ಗರ್ಭಿಣಿಯರು ಕೂಡ ಪ್ರಯಾಣಿಸಬಹುದು. ಆಸ್ಪತ್ರೆಯ ಕಾಗದ ಕೈಯಲ್ಲಿರಲಿ, ಯಾರಾದರೂ ಆಕ್ಷೇಪಿಸಿದರೆ ತೋರಿಸಿ. ಮುಂಬೈ ಮೆಟ್ರೊದ 2ಎ ಮತ್ತು 7ನೇ ಮಾರ್ಗಗಳಲ್ಲಿ 65 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮುಂಬೈ-1 ಕಾರ್ಡಿನ ಮೇಲೆ ಶೇ 25 ರಿಯಾಯಿತಿ 2023ರಿಂದ ಇದೆ.

ಅಂಗವೈಕಲ್ಯದ ಕಾರ್ಡ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕೂಡ ಅದರಲ್ಲಿವೆ. ನಿಮ್ಮ ಕಾಯಿಲೆ ಇದರಲ್ಲಿದ್ದರೆ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿ. ಬಸ್ ಪಾಸ್‌ಗೆ ಇದೇ ಮೊದಲ ದಾಖಲೆ.

ಬಸ್ ಪಾಸ್. ನಿಮ್ಮ ನಗರದ ಬಸ್ ಡಿಪೋ ಅಥವಾ ಪಾಸ್ ಕೌಂಟರ್‌ನಲ್ಲಿ "ಈ ಕಾಯಿಲೆಯ ರೋಗಿಗೆ, ಜೊತೆಗೆ ಬರುವವರಿಗೆ ರಿಯಾಯಿತಿ ಇದೆಯೇ" ಎಂದು ಎರಡನ್ನೂ ಸೇರಿಸಿ ಕೇಳಿ. ರೋಗಿಯದನ್ನು ಮಾತ್ರ ಕೇಳಿದರೆ ಜೊತೆಗಾರರ ಮಾತು ಬರುವುದೇ ಇಲ್ಲ.

ಆಸ್ಪತ್ರೆಯ ಸಮಾಜ ಕಾರ್ಯಕರ್ತರು. ದೊಡ್ಡ ಸರ್ಕಾರಿ ಹಾಗೂ ಟ್ರಸ್ಟ್ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇರುತ್ತಾರೆ. ಧರ್ಮಶಾಲೆ, ಆಸ್ಪತ್ರೆಯ ವ್ಯಾನ್, ಪ್ರಯಾಣದ ನೆರವು ಇದ್ದರೆ ಅವರಿಗೆ ಗೊತ್ತಿರುತ್ತದೆ. ರೇಡಿಯೇಷನ್ ಇರುವ ಐದಾರು ವಾರ ಆಸ್ಪತ್ರೆ ಹತ್ತಿರ ಇರಲು ಜಾಗ ಸಿಕ್ಕರೆ ಪ್ರಯಾಣದ ತೊಂದರೆ ಹೆಚ್ಚುಕಡಿಮೆ ತಪ್ಪಿದಂತೆಯೇ.

ಪಾಳಿ ಬದಲಾವಣೆ. ಡಯಾಲಿಸಿಸ್ ಕೇಂದ್ರದಲ್ಲಿ ಮಧ್ಯಾಹ್ನದ ಪಾಳಿ ಸಿಗುವುದೇ ಎಂದು ಕೇಳಿ. ಬೆಳಗಿನ ನೂಕುನುಗ್ಗಲು ಇಳಿದ ಮೇಲೆ ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತದೆ, ಟ್ಯಾಕ್ಸಿ ದರವೂ ಕಡಿಮೆ. ನಿಮ್ಮ ಕಡೆಯಿಂದಲೇ ಬರುವ ಇನ್ನೊಬ್ಬ ರೋಗಿ ಅದೇ ಪಾಳಿಯಲ್ಲಿದ್ದರೆ ಒಂದೇ ಟ್ಯಾಕ್ಸಿಯನ್ನು ಹಂಚಿಕೊಳ್ಳಬಹುದು.

ಸಾರ್ವಜನಿಕ ವಾಹನ ಯಾವಾಗ ಬೇಡ?

ಕೀಮೊ ಬಳಿಕ ಬಿಳಿ ರಕ್ತಕಣಗಳು ಕಡಿಮೆಯಾಗಿರುವ ದಿನಗಳಲ್ಲಿ, ಅಂಗಾಂಗ ಕಸಿ ಆದ ಮೊದಲ ತಿಂಗಳುಗಳಲ್ಲಿ ತುಂಬಿದ ಬಸ್ಸು, ಲೋಕಲ್ ಬೇಡ. ಕಫದಲ್ಲಿ ಕ್ಷಯದ ಸೋಂಕು ಇನ್ನೂ ಇರುವವರು ಇತರರ ಸುರಕ್ಷತೆಗಾಗಿ ಮಾಸ್ಕ್ ಧರಿಸಬೇಕು, ಜನಸಂದಣಿ ತಪ್ಪಿಸಬೇಕು. ಡಯಾಲಿಸಿಸ್ ಮುಗಿದ ಕೂಡಲೇ ಎದ್ದು ಬಸ್ಸಿಗೆ ಓಡಬೇಡಿ. ಸ್ವಲ್ಪ ಹೊತ್ತು ಕುಳಿತು, ರಕ್ತದೊತ್ತಡ ನೋಡಿಸಿಕೊಂಡು, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಂತಿದೆಯೇ ಎಂದು ಖಚಿತಪಡಿಸಿಕೊಂಡು ಹೊರಡಿ. ಫಿಸ್ಟುಲಾ ಇರುವ ಕೈಯಿಂದ ಬಸ್ಸಿನ ಕಂಬಿ ಹಿಡಿದು ಜೋತುಬೀಳಬೇಡಿ. ಎದೆನೋವು, ಉಸಿರು ಕಟ್ಟುವುದು, ಮುಖ ಸೊಟ್ಟಗಾಗುವುದು, ಪ್ರಜ್ಞೆ ತಪ್ಪುವುದು ಕಂಡರೆ ಬಸ್ಸು, ಟ್ಯಾಕ್ಸಿ ಎಂದು ಯೋಚಿಸದೆ 108ಕ್ಕೆ ಕರೆ ಮಾಡಿ. 112 ಕೂಡ ತುರ್ತು ಸಂಖ್ಯೆ.

ಹಾಗಾದರೆ ಕಾರು ಬೇಡವೇ?

ಕೆಲವರಿಗೆ ಬೇಕು. ರೋಗಿ ಹಾಸಿಗೆ ಹಿಡಿದಿದ್ದರೆ, ಗಾಲಿಕುರ್ಚಿ ಇಲ್ಲದೆ ಚಲಿಸಲಾಗದಿದ್ದರೆ, ಮನೆ ನಗರದ ಹೊರವಲಯದಲ್ಲಿದ್ದು ರಾತ್ರಿ ಆಟೊ ಕೂಡ ಸಿಗದಿದ್ದರೆ, ಹಾಗೆಯೇ ಓಡಿಸುವವರು ಮನೆಯಲ್ಲಿದ್ದರೆ ಕಾರು ದುಂದುವೆಚ್ಚವಲ್ಲ. ಆದರೆ "ಕಾಯಿಲೆ ಬಂತು, ಕಾರು ಬೇಕು" ಎಂದು ಗಾಬರಿಯಲ್ಲಿ ಸಾಲ ಮಾಡಬೇಡಿ. ಚಿಕಿತ್ಸೆಗೆ ಎತ್ತಿಟ್ಟ ಹಣ ಕಂತಿಗೆ ಹೋದರೆ ಮುಂದೆ ಔಷಧಿಗೇ ಕೈಕಟ್ಟುತ್ತದೆ.

ಒಂದು ತಿಂಗಳು ಹೀಗೆ ಮಾಡಿ. ಪ್ರತಿ ಪ್ರಯಾಣದ ದಿನಾಂಕ, ಹೋದ ವಾಹನ, ಕೊಟ್ಟ ಹಣ, ತಡವಾದ ನಿಮಿಷ, ತಪ್ಪಿದ ಅಪಾಯಿಂಟ್‌ಮೆಂಟ್ ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾರು ಬೇಕೋ ಬೇಡವೋ ಎಂಬುದನ್ನು ಆ ಪುಟಗಳೇ ಹೇಳುತ್ತವೆ. ನಗರಪಾಲಿಕೆ ಸದಸ್ಯರನ್ನೋ ಬಸ್ ಸಂಸ್ಥೆಯ ಅಧಿಕಾರಿಯನ್ನೋ ಕಂಡು "ನಮ್ಮ ಆಸ್ಪತ್ರೆಯ ಬಾಗಿಲಿಗೆ ಒಂದು ಬಸ್ಸು ಬೇಕು" ಎಂದು ಕೇಳುವಾಗಲೂ ಅದೇ ಪುಟಗಳನ್ನು ತೆಗೆದುಕೊಂಡು ಹೋಗಿ. ಅದೇ ಡಯಾಲಿಸಿಸ್ ಕೇಂದ್ರದ ಹತ್ತು ಕುಟುಂಬಗಳು ಇಂಥ ಹತ್ತು ನೋಟ್‌ಬುಕ್ ಮುಂದಿಟ್ಟರೆ ಅಧಿಕಾರಿಗಳು ಬರೀ ಭರವಸೆ ಕೊಟ್ಟು ಕಳುಹಿಸುವುದು ಕಷ್ಟ.

ನಿಮ್ಮ ರೋಗಿ ಯಾವ ಹಂತದಲ್ಲಿದ್ದಾರೆ, ಬಸ್ಸು ಅಥವಾ ರೈಲಿನ ಪ್ರಯಾಣ ಅವರಿಗೆ ಸುರಕ್ಷಿತವೇ ಎಂಬುದನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಬಳಿ ಕೇಳಿ. ಔಷಧಿಯ ಬಗ್ಗೆ ಕೇಳುವಷ್ಟೇ ಸಹಜವಾಗಿ ದಾರಿಯ ಬಗ್ಗೆಯೂ ಕೇಳಿ.